ಗುಮ್ಮನಗುಸ್ಕ ಬಾಯಿಬಿಟ್ಟ ದಿನ

ಆಕೆಯ ಹೆಸರು ಚಂದ್ರಮ್ಮ ಅಲ್ಲ. ಆದರೆ ಆ ಕಟ್ಟಡದಲ್ಲಿ ಯಾರನ್ನು ಕೇಳಿದರೂ, ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಮೇಷ್ಟ್ರವರೆಗೆ, ಎಲ್ಲರೂ ಚಂದ್ರಮ್ಮ ಎಂದೇ ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಂತೂ ಅದು ಅಪ್ಪ ಅಮ್ಮ ಇಟ್ಟ ಹೆಸರೇ ಅಂದುಕೊಂಡು, "ಎಷ್ಟು ತಂಪಾದ ಹೆಸರು ಮೇಡಂ ನಿಮ್ದು!" ಎಂದು ಹೊಗಳಿಬಿಡುತ್ತಾರೆ. ಸುತ್ತಲಿದ್ದವರು ಕಿಸಕ್ಕನೆ ನಗುತ್ತಾರೆ. ಆಕೆಯೂ ನಗುತ್ತಾಳೆ, ಆದರೆ ಹಲ್ಲು ಕಾಣುವಷ್ಟಲ್ಲ.

ಆಕೆಯ ಕೆಲಸ ಆಕಾಶ ಕಾಯುವುದು. ಕಾಯುವುದು ಎಂದ ಕೂಡಲೆ ಚಳಿಯಲ್ಲಿ ಶಾಲು ಹೊದ್ದು, ದೂರದರ್ಶಕಕ್ಕೆ ಕಣ್ಣು ಒತ್ತಿಕೊಂಡು ಕೂರುವುದು ಎಂದು ತಿಳಿಯಬೇಡಿ. ಆಕಾಶ ಕಾಯುವವರು ಈಗ ಬ್ಯಾಂಕಿನವರ ಹಾಗೆ ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಎರಡನೇ ಮಹಡಿಯ ಮೂಲೆಯಲ್ಲಿ ಆಕೆಯ ಕೋಣೆ. ಒಂದು ಚಕ್ರ ಸದಾ ಮುನಿಸಿಕೊಂಡಿರುವ ಕುರ್ಚಿ, ಎರಡು ಕಂಪ್ಯೂಟರ್, ಯಾರೋ ಬಿಟ್ಟುಹೋದ ಕೊಡೆ, ಬಣ್ಣ ಉದುರಿದ ಒಂದು ಕಿಟಕಿ. ಮೇಲೆ ಸುತ್ತುತ್ತಿರುವ ಉಪಗ್ರಹ ಇಡೀ ಆಕಾಶದ ಗಾಮಾ ಕಿರಣಗಳನ್ನು ಹಿಡಿದು ಕೆಳಕ್ಕೆ ಕಳಿಸುತ್ತದೆ. ಅದರಲ್ಲಿ ಯಾವ ಬ್ಲೇಜಾರ್ ಎಷ್ಟು ಉರಿಯುತ್ತಿದೆ ಎಂದು ಆಕೆ ದಿನವೂ ನೋಡಬೇಕು.

ಬ್ಲೇಜಾರ್ ಎಂದರೆ ಏನೋ ಮಹಾ ಗಹನವಾದದ್ದಲ್ಲ. ದೂರದ ಗೆಲಾಕ್ಸಿಯೊಂದರ ನಟ್ಟನಡುವೆ ದೈತ್ಯ ಕಪ್ಪುಕುಳಿ ಕೂತಿರುತ್ತದೆ. ಸುತ್ತಲಿನದನ್ನೆಲ್ಲ ನುಂಗುತ್ತ ನುಂಗುತ್ತ, ನುಂಗಲಾಗದ್ದನ್ನು ಹೆಚ್ಚುಕಡಿಮೆ ಬೆಳಕಿನದೇ ವೇಗದಲ್ಲಿ ಹೊರಕ್ಕೆ ಚಿಮ್ಮಿಸುತ್ತದೆ, ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ. ಆ ಪೈಪಿನ ಬಾಯಿ ನೇರ ನಮ್ಮ ಮುಖಕ್ಕೇ ತಿರುಗಿದ್ದರೆ ಅದು ಬ್ಲೇಜಾರ್. ತಿಂಗಳುಗಟ್ಟಲೆ ತೆಪ್ಪಗಿದ್ದು, ಒಂದು ದಿನ ಇದ್ದಕ್ಕಿದ್ದ ಹಾಗೆ ಹತ್ತು ಪಟ್ಟು, ನೂರು ಪಟ್ಟು ಭುಗಿಲೇಳುತ್ತದೆ. ಯಾಕೆ ಎದ್ದಿತು ಎನ್ನುವುದು ಒಂದೇ ಕಡೆಯಿಂದ ನೋಡಿದರೆ ತಿಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಜಗಳವಾದರೆ ಒಬ್ಬರಿಗೆ ಪಾತ್ರೆ ಬಿದ್ದ ಸದ್ದು ಕೇಳಿರುತ್ತದೆ, ಇನ್ನೊಬ್ಬರಿಗೆ ಬಾಗಿಲು ಬಡಿದದ್ದು ಕಂಡಿರುತ್ತದೆ. ಎಲ್ಲರನ್ನೂ ಕೂರಿಸಿ ಕೇಳಿದರೇ ಕಥೆ ಪೂರ್ತಿ. ಇಲ್ಲಿಯೂ ಅಷ್ಟೆ. ಗಾಮಾ ಕಿರಣ, ಎಕ್ಸ್-ರೇ, ಕಣ್ಣಿಗೆ ಕಾಣುವ ಬೆಳಕು, ರೇಡಿಯೋ ಅಲೆ, ಒಂದೊಂದನ್ನು ನೋಡುವವರು ಒಂದೊಂದು ಕಡೆ ಇದ್ದಾರೆ. ಅವರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ತಿರುಗಬೇಕು. ತಿರುಗಬೇಕಾದರೆ ಯಾರಾದರೂ ಮೊದಲು ಕೂಗಬೇಕು. ಆ ಕೂಗುವ ಕೆಲಸ ನಮ್ಮ ಚಂದ್ರಮ್ಮನದು.

ಕೂಗಬೇಕಾದವಳು ಕೂಗುವುದನ್ನೇ ಬಿಟ್ಟಿದ್ದಳು ಎನ್ನುವುದು ಈ ಕಥೆ.

ಪ್ರತಿ ಬ್ಲೇಜಾರಿಗೂ ಫೋನ್ ನಂಬರಿನಂಥ ಉದ್ದನೆಯ ಹೆಸರಿದೆ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಫೀಸಿನಲ್ಲಿ ಎಲ್ಲಕ್ಕೂ ಅಡ್ಡಹೆಸರು. ಅವುಗಳಲ್ಲಿ ಒಂದು ಗುಮ್ಮನಗುಸ್ಕ. ಕೆಣಕಿದರೂ ತುಟಿ ಪಿಟಕ್ಕೆನ್ನದ, ಒಳಗೊಳಗೇ ಏನೋ ಇಟ್ಟುಕೊಂಡಿರುವ ಆಸಾಮಿ. ಕರೆಯುವುದು ಗುಮ್ಮ ಎಂದು. ಅದರ ಪಕ್ಕದಲ್ಲೇ, ಆಕಾಶದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಂತೆ ಕಾಣುವ ಇನ್ನೊಂದು ಬ್ಲೇಜಾರ್ ಇದೆ. ಅದು ಎರಡು ತಿಂಗಳಿಗೊಮ್ಮೆ ಭುಗಿಲೆದ್ದು ಊರೆಲ್ಲ ಒಂದು ಮಾಡುತ್ತದೆ. ಅದರ ಹೆಸರು ಬಾಯಿಬಡುಕಿ.

ಆಕೆ ಡಾಕ್ಟರೇಟಿಗೆಂದು ಸೇರಿದಾಗ ಮೇಷ್ಟ್ರು ಬಾಯಿಬಡುಕಿಯನ್ನೇ ತೆಗೆದುಕೋ ಎಂದಿದ್ದರು. ಈಕೆಗೆ ಹಟ, ಗುಮ್ಮನೇ ಬೇಕು. "ಸುಮ್ನಿರೋರ ಹೊಟ್ಟೇಲೇ ಜಾಸ್ತಿ ಇರತ್ತೆ ಮೇಷ್ಟ್ರೇ. ಇವತ್ತಲ್ಲ ನಾಳೆ ಏಳ್ತಾನೆ, ನೋಡ್ತಿರಿ," ಎಂದಳು. ಗುಮ್ಮ ಏಳಲಿಲ್ಲ. ಬಾಯಿಬಡುಕಿಯನ್ನು ಹಿಡಿದವರು ಪಟಪಟನೆ ಪುಟ ತುಂಬಿಸಿ ಡಾಕ್ಟರ್ ಆದರು, ದೊಡ್ಡ ದೊಡ್ಡ ಕಡೆ ಹೋದರು. ಈಕೆಯ ಪ್ರಬಂಧ ಕೊನೆಯ ಅಧ್ಯಾಯವಿಲ್ಲದೆ ಕಪಾಟಿನಲ್ಲಿ ಕೂತಿತು. ಈಕೆ ಅದೇ ಖಗೋಳ ಕೇಂದ್ರದಲ್ಲಿ ಕಾಯುವವಳಾಗಿ ಉಳಿದಳು. ಹನ್ನೊಂದು ವರ್ಷ ಆಯಿತು.

ಸಿಟಿ ಬಸ್ಸು ಓಡಿಸುವ ಗಂಡ ಮದುವೆಯಾದ ಹೊಸದರಲ್ಲೇ ಗುಮ್ಮನ ವಿಷಯ ತಿಳಿದುಕೊಂಡ. ಅಂದಿನಿಂದ ಆಕೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅವನ ಬಾಯಲ್ಲಿ ಅದೇ ಪ್ರಶ್ನೆ. "ಇವತ್ತೇನಾದ್ರೂ ಅಂದನಾ ನಿನ್ನ ಗುಮ್ಮ?" ಆಕೆ, "ಇಲ್ಲ ರೀ," ಎನ್ನುವಳು. ಕೈಕಾಲು ತೊಳೆಯುವಷ್ಟೇ ಅಭ್ಯಾಸವಾಗಿಹೋಗಿತ್ತು ಅದು.

ಒಂದೇ ಒಂದು ಸಲ, ಆರು ವರ್ಷದ ಹಿಂದೆ, ಆಕೆ ಬೇರೆ ಉತ್ತರ ಹೇಳಿದ್ದಳು. ಕಂಪ್ಯೂಟರಿನಲ್ಲಿ ಗುಮ್ಮನ ಬೆಳಕು ತೋರಿಸುವ ಗೆರೆ ಮೇಲೆದ್ದಿತ್ತು. ಆಕೆ ಹಿಂದೆ ಮುಂದೆ ನೋಡದೆ ಕೂಗಿಬಿಟ್ಟಳು. ಎಕ್ಸ್-ರೇ ಉಪಗ್ರಹ ಎತ್ತ ತಿರುಗಬೇಕೆಂದು ತೀರ್ಮಾನಿಸುವ ಒಬ್ಬ ಅಧಿಕಾರಿ ಇದ್ದಾನೆ. ಎಲ್ಲರೂ ಅವನನ್ನು ದೊರೆ ಎನ್ನುತ್ತಾರೆ. ದೊರೆ ಈಕೆಯ ಮಾತು ನಂಬಿ, ಬೇರೊಬ್ಬರು ಎರಡು ವರ್ಷ ಕಾದು ಪಡೆದಿದ್ದ ವೀಕ್ಷಣೆಯ ಸಮಯ ಕಿತ್ತುಕೊಂಡು, ಉಪಗ್ರಹವನ್ನು ತಿರುಗಿಸಿದ. ಅಲ್ಲಿ ಏನೂ ಇರಲಿಲ್ಲ. ಗುಮ್ಮ ತನ್ನ ಪಾಡಿಗೆ ತಾನು ತೆಪ್ಪಗಿದ್ದ. ಆದದ್ದೇನೆಂದರೆ, ನಮ್ಮ ಚಂದ್ರ ಆ ದಾರಿಯಾಗಿ ಹಾದುಹೋಗುತ್ತಿದ್ದ. ಚಂದ್ರನಿಂದಲೂ ಗಾಮಾ ಕಿರಣ ಬರುತ್ತದೆ. ಅದನ್ನು ಲೆಕ್ಕದಿಂದ ಕಳೆಯಲು ಆಕೆ ಮರೆತಿದ್ದಳು. ಭೂಮಿ ಹುಟ್ಟುವ ಮೊದಲೇ ಹೊರಟ ಬೆಳಕು ಎಂದು ಆಕೆ ಕುಣಿದಾಡಿದ್ದು ಮಕ್ಕಳಿಗೆ ತೋರಿಸಿ ಊಟ ಮಾಡಿಸುವ ಚಂದಮಾಮನ ಬೆಳಕು!

ದೊರೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮಾ, ಮುಂದಿನ ಸಲ ಕೂಗೋ ಮುಂಚೆ ಒಂದ್ಸಲ ಕಿಟಕಿಯಿಂದ ಆಚೆ ನೋಡಿ," ಎಂದ. ಆಮೇಲೆ ಮೇಷ್ಟ್ರಿಗೆ ಬೇರೆ ತಿಳಿಸಿದ, ಇನ್ನೊಂದು ಸಲ ಹೀಗಾದರೆ ನಿಮ್ಮ ಕೇಂದ್ರದ ಕೂಗಿಗೆ ನಾವು ಕಿವಿಗೊಡುವುದಿಲ್ಲ ಎಂದು. ಮಾರನೆಯ ದಿನದಿಂದ ಆಕೆ ಚಂದ್ರಮ್ಮ.

ಆ ಹೆಸರು ಆಕೆಯ ಮೈಯೊಳಗೆ ಇಳಿಯಿತು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುವಳು. ಬಸ್ ಸ್ಟಾಪಿನವರೆಗೆ ಹೋದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬರುವಳು. "ನನ್ನ ಬಸ್ಸಿನ ಬ್ರೇಕನ್ನೂ ನೀನೇ ದಿನಾ ನೋಡಿಬಿಡು ಮಾರಾಯ್ತಿ, ಡಿಪೋದವರಿಗೆ ಕೆಲಸ ಉಳಿಯತ್ತೆ," ಎಂದು ಗಂಡ ರೇಗಿಸುವನು. ಆಫೀಸಿನಲ್ಲಿ ಯಾವ ಬ್ಲೇಜಾರ್ ಎದ್ದರೂ ಆಕೆ ಮೀನಮೇಷ ಎಣಿಸುತ್ತ ಕೂರುವಳು; ಅಷ್ಟರಲ್ಲಿ ಬೇರೆ ದೇಶದವರು ಯಾರೋ ಕೂಗಿರುತ್ತಿದ್ದರು. ಅಯ್ಯೋ ಪಾಪ! ಒಂದು ತಪ್ಪಿಗೆ ಮನುಷ್ಯ ಇಷ್ಟು ದಿನ ದಂಡ ಕಟ್ಟಬೇಕೇ?

ಹೀಗಿರುವಾಗ ಒಂದು ಬೆಳಗ್ಗೆ ಆಕೆ ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವ ತನಕ ಸುಮ್ಮನೆ ಫೋನ್ ತೆಗೆದು ರಾತ್ರಿ ಬಂದ ಮಾಹಿತಿ ನೋಡಿದಳು. ಗಂಡ ಆಗಲೇ ಡ್ಯೂಟಿಗೆ ಹೋಗಿದ್ದ. ಬಾಯಿಬಡುಕಿ ಎಂದಿನಂತೆ ಗುರುಗುಟ್ಟುತ್ತಿದ್ದಳು. ಗುಮ್ಮನ ಗೆರೆ, ಆ ಚಂದ್ರನ ಸಲವೊಂದನ್ನು ಬಿಟ್ಟರೆ, ಹನ್ನೊಂದು ವರ್ಷದಿಂದ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಇವತ್ತು ಅದರ ತುದಿ ನೆಟ್ಟಗೆ ಎದ್ದು ನಿಂತಿತ್ತು. ಆಕೆ ಕಣ್ಣುಜ್ಜಿಕೊಂಡಳು. ಫೋನನ್ನು ಸೆರಗಿಗೆ ಉಜ್ಜಿದಳು. ಗೆರೆ ಅಲ್ಲೇ ಇತ್ತು.

ಆಕೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು, ತಲೆ ಬಾಚದೆ, ಬಾಗಿಲು ಎಳೆದುಕೊಂಡು ಓಡಿದಳು. ಬೀಗ ಜಗ್ಗಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಇದ್ದಳು.

ಕೋಣೆಗೆ ಬಂದವಳು ಮೊದಲು ಲೆಕ್ಕ ತೆಗೆದದ್ದು ಚಂದ್ರನದು. ಆಮೇಲೆ ಸೂರ್ಯನದು. ಇಬ್ಬರೂ ಗುಮ್ಮನಿಂದ ಬಹಳ ದೂರ. ಮತ್ತೆ ಲೆಕ್ಕ ಹಾಕಿದಳು. ಮತ್ತೂ ದೂರವೇ. ಅಷ್ಟರಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತ ಮೇಷ್ಟ್ರು ಬಂದರು. ಇವರಿಗೆ ಯೋಚನೆ ಹತ್ತಿದರೆ ಮುಚ್ಚಳಕ್ಕೆ ಉಳಿಗಾಲವಿಲ್ಲ.

"ಏನಮ್ಮಾ, ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಬಣ್ಣದ್ದು ಹಾಕ್ಕೊಂಡು ಬಂದಿದೀಯಾ?"

"ಮೇಷ್ಟ್ರೇ, ಗುಮ್ಮ ಎದ್ದಿದಾನೆ."

ಮೇಷ್ಟ್ರು ಮುಚ್ಚಳ ಕಚ್ಚುವುದನ್ನು ನಿಲ್ಲಿಸಿದರು. ಪರದೆಗೆ ಬಾಗಿ ತುಂಬ ಹೊತ್ತು ನೋಡಿದರು. ಅವರ ಕಣ್ಣಲ್ಲೂ ಒಂದು ಮಿಂಚು ಬಂತು, ಆದರೆ ಹೋಯಿತು. "ಇದು ಬಾಯಿಬಡುಕಿ ಇರಬೌದು," ಎಂದರು.

ಅವರು ಹೇಳಿದ್ದು ನ್ಯಾಯವೇ. ಗಾಮಾ ಕಿರಣ ಯಾವ ದಿಕ್ಕಿನಿಂದ ಬಂತು ಎನ್ನುವುದು ಮಸುಕಾಗಿ ಮಾತ್ರ ತಿಳಿಯುತ್ತದೆ. ಪಕ್ಕದ ಮನೆಯವಳು ಅರಚಿದರೂ ಇವನ ಮನೆಯಿಂದಲೇ ಸದ್ದು ಬಂದಂತೆ ಕೇಳುತ್ತದೆ. ಬಾಯಿಬಡುಕಿಗೋಸ್ಕರ ಎಲ್ಲರನ್ನೂ ಎಬ್ಬಿಸಿದರೆ ಮತ್ತದೇ ನಗೆಪಾಟಲು, ಮತ್ತು ಕೇಂದ್ರದ ಮಾತಿಗೆ ಶಾಶ್ವತವಾಗಿ ಬೀಗ. ಸುಮ್ಮನಿದ್ದರೆ? ಇಂಥ ಭುಗಿಲು ಕೆಲವು ಗಂಟೆ ಇದ್ದು ಆರಿಹೋಗುತ್ತದೆ. ಗುಮ್ಮ ಇನ್ನೊಂದು ಸಲ ಬಾಯಿಬಿಡುವಾಗ ಈಕೆ ಇರುತ್ತಾಳೋ ಇಲ್ಲವೋ.

"ಸಂಜೆ ತನಕ ನೋಡೋಣ. ಇನ್ನೊಂದಿಷ್ಟು ಮಾಹಿತಿ ಬರಲಿ," ಎಂದರು ಮೇಷ್ಟ್ರು.

"ಸಂಜೆ ಹೊತ್ತಿಗೆ ಬೂದಿ ನೋಡಬೇಕಾಗತ್ತೆ ಮೇಷ್ಟ್ರೇ!"

ಇಷ್ಟು ಜೋರಾಗಿ ತಾನು ಮಾತಾಡಬಲ್ಲೆ ಎನ್ನುವುದು ಆಕೆಗೇ ಮರೆತುಹೋಗಿತ್ತು. ಮೇಷ್ಟ್ರಿಗೂ ಮರೆತಿತ್ತೋ ಏನೋ, ಅವರು ಬೇಜಾರು ಮಾಡಿಕೊಳ್ಳದೆ ಒಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಭೂಮಿಯ ಆಚೆ ಬದಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇದ್ದಾನೆ. ಹಗಲು ಹಲ್ಲು ಕೀಳುವುದು, ಕತ್ತಲಾದ ಮೇಲೆ ತನ್ನ ದವಾಖಾನೆಯ ಮೇಲಿಟ್ಟ ದೂರದರ್ಶಕದಲ್ಲಿ ಬ್ಲೇಜಾರ್ ನೋಡುವುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗುಮ್ಮ, ಬಾಯಿಬಡುಕಿ ಬೇರೆ ಬೇರೆಯಾಗಿ ಚೆನ್ನಾಗಿ ಕಾಣುತ್ತಾರೆ. ಆಕೆ ಫೋನ್ ಮಾಡಿದಳು.

"ಏನ್ ಮಾಡ್ಲಿ ತಂಗೀ, ಇಲ್ಲಿ ಮೋಡ ಕವುಚಿಕೊಂಡಿದೆ," ಎಂದ ಡಾಕ್ಟರ್. "ಕ್ಯಾಮೆರಾ ಆ ಕಡೆಗೇ ತಿರುಗಿಸಿಟ್ಟಿರ್ತೀನಿ. ಒಂದು ಚೂರು ಬಿರುಕು ಬಿಟ್ರೂ ಸಾಕು."

ಮೋಡವನ್ನು ನಂಬಿ ಕೂರುವಂತಿರಲಿಲ್ಲ. ಆಕೆ ಕಿರಣಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದಳು. ಬಡಪಾಯಿ ಕಿರಣಗಳ ವಿಳಾಸ ಮಸುಕು, ನಿಜ. ಆದರೆ ಶಕ್ತಿ ಹೆಚ್ಚಿದಂತೆಲ್ಲ ವಿಳಾಸ ಸ್ಪಷ್ಟವಾಗುತ್ತ ಹೋಗುತ್ತದೆ. ಅವಳಿಗೆ ಬೇಕಾದದ್ದು ಒಂದು ಗಟ್ಟಿ ಕುಳ, ಭಾರೀ ಶಕ್ತಿಯ ಒಂದೇ ಒಂದು ಬೆಳಕಿನ ಕಣ. ಗುಡ್ಡೆ ಹಾಕಿದ ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಹುಡುಕಿದಳು. ಸಿಕ್ಕಿತು! ಬೆಳಗಿನ ಜಾವ ಬಂದದ್ದು, ಉಳಿದೆಲ್ಲದಕ್ಕಿಂತ ನೂರಾರು ಪಟ್ಟು ಶಕ್ತಿಯದು. ಅದು ಬಂದ ದಿಕ್ಕನ್ನು ನಕ್ಷೆಯ ಮೇಲಿಟ್ಟಳು. ನೇರ ಗುಮ್ಮನ ಬಾಗಿಲಿಗೇ ಹೋಗಿ ನಿಂತಿತು. ಬಾಯಿಬಡುಕಿಯ ಅಂಗಳಕ್ಕೂ ತಾಗಿರಲಿಲ್ಲ.

"ಒಂದೇ ಒಂದು ಕಣ," ಎಂದರು ಮೇಷ್ಟ್ರು. "ಒಂದು ಕಣ ನಂಬ್ಕೊಂಡು ಪ್ರಪಂಚಾನೆಲ್ಲ ಎಬ್ಬಿಸ್ತೀಯಾ?"

"ಇಂಥದ್ದು ಸುಮ್ಮಸುಮ್ನೆ ದಾರಿ ತಪ್ಪಿ ಬರಲ್ಲ, ಮೇಷ್ಟ್ರೇ. ನಿಮಗೂ ಗೊತ್ತು."

ಮೇಷ್ಟ್ರು ಮುಚ್ಚಳವನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತು. ಆದ್ರೆ ಕೂಗೋಳು ನೀನು. ನಾನು ಕೂಗು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ."

ಆಕೆಯ ಕೈ ಫೋನಿನವರೆಗೆ ಹೋಗಿ ವಾಪಸ್ ಬಂತು. ಆರು ವರ್ಷದ ನಗು ಒಟ್ಟಿಗೆ ಕಿವಿಯಲ್ಲಿ ಕೇಳಿಸಿತು. ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಆದರೂ ಆ ಹೆದರಿಕೆಯ ಕೆಳಗೆ ಇನ್ನೇನೋ ಕುಪ್ಪಳಿಸುತ್ತಿತ್ತು, ಅದನ್ನು ಅದುಮಿಡಲು ಆಕೆಯ ಕೈಯಲ್ಲಿ ಆಗಲಿಲ್ಲ. ನಂಬರ್ ಒತ್ತಿದಳು.

"ಯಾರು?" ಎಂದಿತು ದೊರೆಯ ದನಿ.

"ನಾನು ಸಾರ್... ಚಂದ್ರಮ್ಮ."

ಆಕೆ ತಡಮಾಡದೆ ಗುಮ್ಮನ ವಿಷಯ, ಆ ಒಂದು ಕಣದ ವಿಷಯ, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಅಮ್ಮಾ," ಎಂದ ದೊರೆ ನಿಧಾನವಾಗಿ, "ಕಿಟಕಿಯಿಂದ ಆಚೆ ನೋಡಿದ್ರಾ?"

ಆಕೆ ತಲೆಯೆತ್ತಿದಳು. ಬಣ್ಣ ಉದುರಿದ ಕಿಟಕಿಯ ಆಚೆ, ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ, ಹಗಲ ಬೆಳಕಿನಲ್ಲಿ ಸೋಪಿನ ಚೂರಿನಂತೆ ಬೆಳ್ಳಗೆ ಕೂತಿದ್ದ ಅವನು.

"ನೋಡ್ತಾನೇ ಇದೀನಿ ಸಾರ್! ಚಂದ್ರ ಇಲ್ಲೇ ನನ್ನ ಕಣ್ಮುಂದೆ ಇದಾನೆ, ಟ್ಯಾಂಕಿನ ಮೇಲೆ. ಗುಮ್ಮ ನನ್ನ ಕಾಲಡಿ ಇದಾನೆ, ಭೂಮಿ ಆಚೆ ಕಡೆ. ಇವನಿಗೂ ಅವನಿಗೂ ನಡುವೆ ಇಡೀ ಭೂಮಿ ಇದೆ. ಈ ಸಲ ಇವನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಈ ಸಲ ತಪ್ಪಾದ್ರೆ ಅದು ನಂದೇ."

ದೊರೆ ನಕ್ಕಿದ್ದು ಕೇಳಿಸಿತು. ಆ ನಗುವಿನಲ್ಲಿ ಕೊಂಕಿರಲಿಲ್ಲ. "ತಿರುಗಿಸ್ತೀನಿ," ಎಂದ. ಫೋನ್ ಇಟ್ಟ.

ಆಮೇಲೆ ಆಕೆ ನಿಲ್ಲಲಿಲ್ಲ. ರೇಡಿಯೋದವರಿಗೆ ಕೂಗಿದಳು, ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದವರಿಗೆ ಕೂಗಿದಳು, ಆರು ವರ್ಷದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಕೂಗಿದಳು. ಸುದ್ದಿ ಮಹಡಿಯಿಂದ ಮಹಡಿಗೆ ಇಳಿಯಿತು. ಚಂದ್ರಮ್ಮ ಮತ್ತೆ ಕೂಗಿದ್ದಾಳಂತೆ ಎಂದು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಇಣುಕಿದರು. ಕೆಲವರು ನಗಲು ತಯಾರಾಗಿಯೇ ಬಂದಿದ್ದರು. ಮೇಷ್ಟ್ರು ಕೂತಿದ್ದ ರೀತಿ ನೋಡಿ ಅವರೂ ಬಾಯಿ ಮುಚ್ಚಿಕೊಂಡು ನಿಂತರು. ಇನ್ನು ಕಾಯುವುದಷ್ಟೇ. ಕಾಯುವುದೇ ಕೆಲಸವಾದವಳಿಗೆ ಆ ಮಧ್ಯಾಹ್ನ ಕಾಯುವುದು ಸಾಧ್ಯವಾಗಲಿಲ್ಲ. ಕೂತರೆ ಮುನಿದ ಚಕ್ರ ಕಿರುಗುಟ್ಟುತ್ತಿತ್ತು, ಎದ್ದರೆ ಆಕೆ ಕಿಟಕಿಗೂ ಮೇಜಿಗೂ ಓಡಾಡುತ್ತಿದ್ದಳು.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲಲ್ಲಿ ನಿಂತವರನ್ನು ತಳ್ಳಿಕೊಂಡು ಗಂಡ ಒಳಗೆ ನುಗ್ಗಿದ. ಡ್ರೈವರ್ ಯೂನಿಫಾರ್ಮು, ಮುಖದ ತುಂಬ ಬೆವರು, ಕೈಯಲ್ಲಿ ತಳ ಸುಟ್ಟು ಇದ್ದಿಲಾದ ಒಂದು ಪಾತ್ರೆ.

"ನೀನು ಬದುಕಿದೀಯಾ?" ಎಂದ, ಏದುಸಿರು ಬಿಡುತ್ತ.

"ಏನ್ರೀ ಇದು?"

"ಊಟಕ್ಕೆ ಮನೆಗೆ ಹೋದ್ರೆ ಮನೆ ತುಂಬ ಹೊಗೆ! ಒಲೆ ಉರೀತಾ ಇದೆ, ಬಾಗಿಲಿಗೆ ಬೀಗ ಇಲ್ಲ, ಹಾಲು ಸೀದು ಕರಕಲು. ಬೇರೆಯೋರ ಮನೆ ಆಗಿದ್ರೆ ಮರೆತಿದಾರೆ ಅಂದ್ಕೋತಿದ್ದೆ. ನೀನು! ಮೂರು ಸಲ ನೋಡೋಳು! ಫೋನ್ ಮಾಡಿದ್ರೆ ಯಾವಾಗ್ಲೂ ಎಂಗೇಜು. ಏನೋ ಆಗಬಾರದ್ದು ಆಗಿದೆ ಅಂತ ಪಾತ್ರೇನೂ ಕೆಳಗಿಡದೆ ಓಡಿ ಬಂದೆ ಕಣೇ!"

ಅವನ ಕಣ್ಣಲ್ಲಿ ನೀರಿತ್ತು. ಆಕೆ ಆ ಪಾತ್ರೆ ನೋಡಿದಳು, ತನ್ನ ಒಂದೊಂದು ಬಣ್ಣದ ಚಪ್ಪಲಿ ನೋಡಿಕೊಂಡಳು. ನಗು ಬಂತೋ ಅಳು ಬಂತೋ ಆಕೆಗೆ ತಿಳಿಯಲಿಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮೇಷ್ಟ್ರು ಎದ್ದು ಸ್ಪೀಕರ್ ಒತ್ತಿದರು.

"ಅಮ್ಮಾ," ಎಂದ ದೊರೆ. "ಉರೀತಿದಾನೆ ಕಣಮ್ಮಾ! ಎಕ್ಸ್-ರೇನಲ್ಲಿ ಕಣ್ಣು ಕುಕ್ಕೋ ಹಾಗೆ ಉರೀತಿದಾನೆ. ಇನ್ನೂ ಏರ್ತಾ ಇದಾನೆ. ಬಾಯಿಬಡುಕಿ ಪಕ್ಕದಲ್ಲಿ ಮಿಣಕ್ ಮಿಣಕ್ ಅಂತಿದಾಳೆ ಅಷ್ಟೆ. ನೀವು ಏರುವಾಗ್ಲೇ ಹಿಡಿದಿದೀರಿ!"

ಬಾಗಿಲಲ್ಲಿದ್ದವರು ಹೋ ಎಂದರು. ಯಾರೋ ಮೇಜು ಗುದ್ದಿದರು. ಅದೇ ಗಲಾಟೆಯ ನಡುವೆ ಹಲ್ಲಿನ ಡಾಕ್ಟರಿಂದ ಒಂದು ಚಿತ್ರ ಬಂದು ಬಿತ್ತು: ಹರಿದ ಮೋಡದ ಸಂದಿಯಲ್ಲಿ, ಯಾವಾಗಲೂ ಮಸುಕು ಚುಕ್ಕೆಯಷ್ಟೇ ಇರುತ್ತಿದ್ದ ಜಾಗದಲ್ಲಿ ಒಂದು ದಪ್ಪ ಬಿಳಿ ಚುಕ್ಕೆ. ಕೆಳಗೆ, "ತಂಗೀ, ನಿನ್ನ ಹುಡುಗ ಇವನೇನಾ?" ಎಂದು ಬರೆದಿದ್ದ. ಮೇಷ್ಟ್ರು ಕಪಾಟಿನ ಕಡೆ ಬೆರಳು ತೋರಿಸಿ, "ಕೊನೇ ಅಧ್ಯಾಯ ಬರಿಯೋಕೆ ಶುರು ಮಾಡು," ಎಂದರು, ಮತ್ತು ಏಕೋ ಕಿಟಕಿಯ ಕಡೆ ತಿರುಗಿ ನಿಂತರು.

"ಎಲ್ಲ ಕಡೆ ವರದಿ ಕಳಿಸ್ತಿದೀನಿ," ಎಂದ ದೊರೆ. "ಮೊದಲು ಕಂಡವರ ಹೆಸರು ಹಾಕಬೇಕು. ನಿಮ್ಮ ನಿಜವಾದ ಹೆಸರು ಏನಮ್ಮಾ? ಇಷ್ಟು ವರ್ಷ ಆಯ್ತು, ನನಗೆ ಗೊತ್ತೇ ಇಲ್ಲ."

ಗಲಾಟೆ ತಟ್ಟನೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ನಾಚಿಕೆಯಾಗಿತ್ತು.

"ಚಂದ್ರಮ್ಮ ಅಂತಲೇ ಹಾಕಿ ಸಾರ್," ಎಂದಳು ಆಕೆ, ಈ ಸಲ ಹಲ್ಲೆಲ್ಲ ಕಾಣುವ ಹಾಗೆ ನಕ್ಕು. "ಚಂದ್ರನ್ನ ನೋಡಿಯೇ ಕೂಗಿದವಳು."

ಗಂಡ ಇನ್ನೂ ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ಪರದೆಯ ಮೇಲಿನ ಗೆರೆ, ಎಲ್ಲರ ಮುಖ, ಆಕೆಯ ಬಾಚದ ತಲೆ, ಒಂದೊಂದಾಗಿ ನೋಡಿದ. ಆಮೇಲೆ, ಜೋರಾಗಿ ಕೇಳಿದರೆ ಎಲ್ಲಿ ಸುಳ್ಳಾಗಿಬಿಡುವುದೋ ಎಂಬಂತೆ, ಮೆಲ್ಲಗೆ ಕೇಳಿದ.

"ಏನೇ... ಇವತ್ತೇನಾದ್ರೂ ಅಂದನಾ ನಿನ್ನ ಗುಮ್ಮ?"

"ಅಂದ ರೀ," ಎಂದಳು ಆಕೆ. ಆ ಮಸಿ ಪಾತ್ರೆಯ ಸಮೇತ ಅವನ ಎರಡು ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ಅಂದ!"